ಸೊಂಟಮಟ್ಟದ ನೀರಿನಲ್ಲಿ ಹಾಯಿ

ಅಕ್ಕಲಕೋಟೆ ತಾಲೂಕಿನ ಮನುಷ್ಯ ಹಾಯಿದೋಣಿಯ ಮಾತೆತ್ತಿದರೆ ಕೇಳುವವರಿಗೆ ಆಶ್ಚರ್ಯವಾಗುತ್ತದೆ. ನಮ್ಮ ಕಡೆಯಿಂದ ಅರಬ್ಬೀ ಸಮುದ್ರಕ್ಕೆ ನೇರ ಗೆರೆ ಎಳೆದರೂ 300 ಕಿ.ಮೀ. ದಾಟುತ್ತದೆ. ಆ ಗೆರೆಗೆ ಅಡ್ಡವಾಗಿ ಸಹ್ಯಾದ್ರಿ ನಿಂತಿದೆ. ಮೋಡದ ನೀರನ್ನೆಲ್ಲ ಆಚೆ ಮಗ್ಗುಲಿಗೆ ಇಳಿಸಿಕೊಂಡು ಅದು ನಮಗೆ ಗಾಳಿಯನ್ನಷ್ಟೇ ದಾಟಿಸುತ್ತದೆ. ಸೊಲ್ಲಾಪುರ ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಎರೆಮಣ್ಣು, ಬಿಳಿಜೋಳ, ತೊಗರಿ, ಚಾದರು, ಬಿಸಿಲು, ಇವೇ ನಮ್ಮ ಊರುಗಳ ಹೆಸರಿನ ಜೊತೆ ಬರುವ ಮಾತುಗಳು. ನೀರಿನ ಸುದ್ದಿ ಬಂದರೆ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬ ಕಡೆಗೇ ಮಾತು ಹೊರಳುತ್ತದೆ.

ಗಾಳಿಯನ್ನಷ್ಟೇ ದಾಟಿಸುತ್ತದೆ ಎಂದೆನಲ್ಲ, ನನ್ನ ಮಾತು ಅಲ್ಲಿಂದಲೇ ಶುರು. ಗಾಳಿಯೊಂದು, ಗೇಣುದ್ದ ನೀರೊಂದು ಇದ್ದರೆ ಸಣ್ಣ ಹಾಯಿದೋಣಿಗೆ ಬೇರೇನೂ ಬೇಕಿಲ್ಲ. ಮಹಾಸಾಗರ ದಾಟುವವರ ಸಾಹಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ನನ್ನ ಮನಸ್ಸು ಇರುವುದು ದಂಡೆಯ ಹತ್ತಿರದ ನೀರಿನಲ್ಲಿ. ಕೆಳಗೆ ಬಗ್ಗಿದರೆ ತಳ ಕಾಣುವ, ದೋಣಿ ಸಿಕ್ಕಿಕೊಂಡರೆ ಇಳಿದು ತಳ್ಳಬಹುದಾದ, ಸೊಂಟಮಟ್ಟದ ನೀರು ಅದು. ಅಂಥ ನೀರು ನಮ್ಮ ಸೀಮೆಯಲ್ಲಿ ಇದೆ, ಮತ್ತು ಅದನ್ನು ನಾವು ನೀರೆಂದು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆತಿದ್ದೇವೆ. ಅದನ್ನು ನೆನಪಿಗೆ ತರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನಗೆ ದೋಣಿಯ ರುಚಿ ಹತ್ತಿಸಿದವರು ನನ್ನ ಸೋದರಮಾವ. ಅವರ ಊರು ಭೀಮಾ ಹೊಳೆಯ ದಂಡೆಯ ಮೇಲೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಅಂಚಿನಲ್ಲಿ ಭೀಮೆಯೇ ಗಡಿ. ಈ ದಂಡೆ ಮಹಾರಾಷ್ಟ್ರ, ಆ ದಂಡೆ ಕರ್ನಾಟಕದ ಇಂಡಿ, ಅಫಜಲಪುರ ಸೀಮೆ. ನಕಾಶೆಯಲ್ಲಿ ಎರಡು ರಾಜ್ಯ, ದಂಡೆಯ ಮೇಲೆ ಒಂದೇ ಮಾತು. ಈಚೆ ಕನ್ನಡ ಶಾಲೆ, ಆಚೆ ಕನ್ನಡ ಶಾಲೆ. ಈಚೆಯ ಹೆಣ್ಣು ಆಚೆಗೆ ಸೊಸೆ, ಆಚೆಯ ಹೆಣ್ಣು ಈಚೆಗೆ. ಸೇತುವೆ ದೂರವಿದ್ದ ಕಾಲದಲ್ಲಿ ಈ ಬೀಗತನವನ್ನೆಲ್ಲ ದಾಟಿಸಿದ್ದು ನಾವಿ ಎಂಬ ದೋಣಿ. ಮಾವ ಒಕ್ಕಲುತನದವರು. ಆಚೆ ದಂಡೆಗೂ ಅವರ ಒಂದು ತುಂಡು ಹೊಲವಿತ್ತು, ಅದಕ್ಕಾಗಿ ಸಣ್ಣದೊಂದು ನಾವಿ ಇಟ್ಟುಕೊಂಡಿದ್ದರು. ಚಪ್ಪಟೆ ತಳ, ಎರಡು ಹಲಗೆ ಕೂಡುವಲ್ಲಿ ಡಾಂಬರು, ಒಂದು ಉದ್ದ ಬಿದಿರು ಗಳ. ಅಷ್ಟೇ.

ಮಳೆಗಾಲದಲ್ಲಿ ಆ ನಾವಿ ನೀರಿಗಿಳಿಯುತ್ತಿರಲಿಲ್ಲ. ಆಗ ಪಡುವಣ ಗಾಳಿಯೂ ಹೊಳೆಯ ಸೆಳವೂ ಕೂಡಿ ಒಂದೇ ದಿಕ್ಕಿಗೆ ನೂಕುತ್ತವೆ. ಹೋದವರು ತಿರುಗಿ ಬರುವುದು ಅವರ ಕೈಯಲ್ಲಿರುವುದಿಲ್ಲ. ದಸರೆ ಕಳೆದು ಹೊಳೆ ತಿಳಿಯಾದ ಮೇಲೆ ಅದಕ್ಕೆ ಅಡ್ಡ ಕಟ್ಟಿದ ಬಂಧಾರಗಳ ಬಾಗಿಲಿಗೆ ಹಲಗೆ ಹಾಕುತ್ತಾರೆ. ಹರಿಯುವ ಹೊಳೆ ಆಗ ಒಂದರ ಹಿಂದೊಂದು ನಿಂತ ಉದ್ದುದ್ದ ಕೆರೆಗಳಾಗುತ್ತದೆ. ಸೆಳವು ಹೋಯಿತು, ನೀರು ಉಳಿಯಿತು. ಇದೇ ಹೊತ್ತಿಗೆ ಗಾಳಿಯೂ ಮಗ್ಗುಲು ಬದಲಿಸಿ ಮೂಡಣದಿಂದ ಬೀಸತೊಡಗುತ್ತದೆ. ಕಾರ್ತಿಕದಿಂದ ಮಾಘದವರೆಗಿನ ಆ ಒಣ, ತಣ್ಣನೆಯ ಮೂಡಗಾಳಿಯೇ ನಮ್ಮ ಹಾಯಿಯ ಕಾಲ. ನಾವಿಯ ನಡುವೆ ಎರಡು ಬಿದಿರು ಕೋಲು ಕಟ್ಟಿ ಮಾವ ಅದಕ್ಕೊಂದು ಹಳೆಯ ಸೊಲ್ಲಾಪುರ ಚಾದರು ಬಿಗಿಯುತ್ತಿದ್ದರು. ಮಗ್ಗದ ದಪ್ಪ ನೂಲು, ಅಂಚಿನಲ್ಲಿ ನವಿಲು. ಗಾಳಿ ತುಂಬಿದಾಗ ಆ ನವಿಲುಗಳು ಉಬ್ಬಿ ನಿಲ್ಲುತ್ತಿದ್ದವು. ಗಾಳಿಯ ಬೆನ್ನು ಹಿಡಿದು ಮೇಲ್ದಿಕ್ಕಿಗೆ ಹೋಗುವುದು, ಚಾದರು ಬಿಚ್ಚಿ ಹೊದ್ದು ಕೂತು ಬುತ್ತಿ ಉಣ್ಣುವುದು, ಗಳ ಊರುತ್ತ ಮರಳುವುದು. ಸಮುದ್ರ ಕಾಣುವ ಮೊದಲೇ ಹೀಗೆ ನನಗೆ ಹಾಯಿ ಪರಿಚಯವಾಗಿತ್ತು.

ಗಳವೇ ಆ ದೋಣಿಯ ಓದುಬರಹ. ನಾನು ಮುಂದೆ ಕೂತು ದಂಡೆಯ ಜಾಲಿ ಗಿಡಗಳನ್ನು ನೋಡುತ್ತಿದ್ದರೆ ಮಾವ ಹೇಳುತ್ತಿದ್ದರು: "ಅಳಿಯಾ, ಮ್ಯಾಲಿನ ನೀರು ನೋಡಿ ನಂಬಬ್ಯಾಡ. ಗಳ ತಳಕ್ಕ ಮುಟ್ಟಿದಾಗ ಕೈಗಿ ಏನ ಹೇಳ್ತದ, ಅದನ್ನ ಕೇಳು." ಕೇಳುತ್ತ ಕೇಳುತ್ತ ಅದರ ಭಾಷೆ ಬಂತು. ಮರಳು ಮುಟ್ಟಿದರೆ ಗಳದಲ್ಲಿ ಒರಟಾದ ಕಿರುಸದ್ದು, ಊರಿದ ಕೂಡಲೇ ಆಸರೆ. ಎರೆ ಕೆಸರಾದರೆ ಸದ್ದಿಲ್ಲ, ಗಳ ಇಳಿಯುತ್ತಲೇ ಹೋಗುತ್ತದೆ, ಕೀಳುವಾಗ ದೋಣಿಯನ್ನೇ ಹಿಂದಕ್ಕೆ ಎಳೆಯುತ್ತದೆ. ಬಂಡೆಯಾದರೆ ಮೊಣಕೈವರೆಗೆ ಝುಂ ಎನ್ನುತ್ತದೆ. ಕಣ್ಣಿಗೂ ಅದರದೇ ಪಾಠ ಇತ್ತು. ಗಾಳಿಯಿದ್ದಾಗ ಸುತ್ತಲ ನೀರು ಸಣ್ಣಗೆ ಸುಕ್ಕುಗಟ್ಟಿ ಒಂದು ಪಟ್ಟಿ ಮಾತ್ರ ನುಣ್ಣಗಿದ್ದರೆ, ಅಲ್ಲಿ ಜೊಂಡೋ ಪಾಚಿಯೋ ಮೇಲಿನವರೆಗೆ ಬೆಳೆದಿದೆ. ಬೆಳ್ಳಕ್ಕಿ ನಿಂತಲ್ಲಿ ಅದರ ಕಾಲಿನಷ್ಟೇ ನೀರು. ನೀರುಕಾಗೆ ಮುಳುಗಿ ಏಳುವಲ್ಲಿ ದೋಣಿಗೆ ಸಾಕಾಗುವಷ್ಟು ಆಳ.

ಗಳ ಇದ್ದಕ್ಕಿದ್ದಂತೆ ತಳವೇ ಸಿಗದೆ ಜಾರುವ ಜಾಗಗಳೂ ಇದ್ದವು, ಈಗ ಇನ್ನೂ ಹೆಚ್ಚಾಗಿವೆ. ಅವು ಮರಳು ತೆಗೆದ ಗುಂಡಿಗಳು. ಭೀಮೆಯ ಮರಳಿಗೆ ಬಹಳ ಬೆಲೆ. ಮೊಳಕಾಲುದ್ದ ನೀರಿನಲ್ಲಿ ನಾಲ್ಕು ಹೆಜ್ಜೆ ನಡೆದವನು ಐದನೆಯದಕ್ಕೆ ಎರಡಾಳು ಆಳಕ್ಕೆ ಹೋಗುವುದು ಈ ಗುಂಡಿಗಳಿಂದ. ಹೊಳೆಯಲ್ಲಿ ಈಜಲು ಹೋದ ಹುಡುಗರು ಮರಳಿ ಬಾರದ ಸುದ್ದಿ ಬೇಸಿಗೆಯಲ್ಲಿ ಓದುವಾಗ ಹೊಟ್ಟೆ ಹಿಂಡುತ್ತದೆ. ತೆಳುನೀರು ತಾನಾಗಿ ಮೋಸ ಮಾಡುವುದಿಲ್ಲ. ಅದರ ತಳ ನಿಧಾನವಾಗಿ ಇಳಿಯುತ್ತದೆ, ಕಾಲಿಗೆ, ಗಳಕ್ಕೆ ಮುನ್ಸೂಚನೆ ಕೊಡುತ್ತದೆ. ಆ ಮುನ್ಸೂಚನೆಯನ್ನು ಕಿತ್ತುಕೊಂಡಿದ್ದು ಮನುಷ್ಯನ ಬುಟ್ಟಿ ಮತ್ತು ಯಂತ್ರ.

ನೀರಿನ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಪರಂಪರೆ ಇದೆ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಹನ್ನೆರಡನೆಯ ಶತಮಾನದಲ್ಲಿ ಕೆರೆ ತೋಡಿಸಿದ ಶಿವಯೋಗಿ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಕನ್ನಡ ವಚನ ಬರೆದವನು. ಸೊಲ್ಲಾಪುರದ ಸಿದ್ಧೇಶ್ವರ ಗುಡಿ ಇಂದಿಗೂ ಕೆರೆಯ ನೀರಿನ ನಡುವೆಯೇ ಇದೆ. ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಎತ್ತರದ ನಂದಿಧ್ವಜಗಳು ಬರುವುದು ಅವನ ಹೆಸರಿನಲ್ಲೇ. ಅದೇ ಶತಮಾನದ ಇನ್ನೊಬ್ಬ ಶರಣ ಅಂಬಿಗರ ಚೌಡಯ್ಯ, ತುಂಗಭದ್ರೆಯ ದಂಡೆಯಲ್ಲಿ ದೋಣಿ ನಡೆಸಿದವನು. ಒಬ್ಬ ನೀರು ನಿಲ್ಲಿಸಿದ, ಇನ್ನೊಬ್ಬ ನೀರು ದಾಟಿಸಿದ. ಅನುಭವ ಮಂಟಪದಲ್ಲಿ ಈ ಎರಡೂ ಕಾಯಕಗಳಿಗೆ ಸಮನಾದ ಗೌರವವಿತ್ತು. ಸಿದ್ಧರಾಮನನ್ನು ನಮ್ಮ ಊರು ನೆನೆಯುತ್ತದೆ, ಕೆರೆ ಕಟ್ಟೆಯ ಮಾತನ್ನು ಭಕ್ತಿಯಿಂದ ಆಡುತ್ತದೆ. ಚೌಡಯ್ಯನ ಕಾಯಕವನ್ನೂ ಹಾಗೆಯೇ ನೆನೆಯಬೇಕು ಎಂಬುದು ನನ್ನ ಆಸೆ. ನಿಲ್ಲಿಸಿದ ನೀರಿನ ಮೇಲೆ ಓಡಾಡದವರಿಗೆ ಆ ನೀರು ಅರ್ಧ ಮಾತ್ರ ಗೊತ್ತಿರುತ್ತದೆ.

ಅದು ಪೂರ್ತಿ ಗೊತ್ತಾಗಬೇಕಾದರೆ ಹತ್ತರಸಂಗ ಕೂಡಲಕ್ಕೆ ಹೋಗಬೇಕು. ದಕ್ಷಿಣ ಸೊಲ್ಲಾಪುರ ತಾಲೂಕಿನ ಈ ಊರಿನಲ್ಲಿ ಸೀನಾ ನದಿ ಭೀಮೆಯನ್ನು ಕೂಡುತ್ತದೆ. ದಂಡೆಯ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ 1018ರ ಮರಾಠಿ ಶಾಸನವಿದೆ. ಆ ಭಾಷೆಯ ತೀರ ಹಳೆಯ ಬರಹಗಳ ಸಾಲಿಗೆ ಸೇರಿದ್ದು. ಪಕ್ಕದ ಹರಿಹರೇಶ್ವರ ಗುಡಿಯಲ್ಲಿ ಮೈತುಂಬ ಸಣ್ಣ ಸಣ್ಣ ಮುಖಗಳನ್ನು ಕೆತ್ತಿದ ಅಪರೂಪದ ಶಿವಲಿಂಗವಿದೆ. ಕನ್ನಡ ಮಾತಿನ ಊರು, ಮರಾಠಿಯ ಮೊದಮೊದಲ ಅಕ್ಷರ, ಎರಡು ಹೊಳೆಗಳ ಕೂಟ. ಸಂಗಮದಲ್ಲಿ ನೀರಿನ ಮೇಲಿದ್ದರೆ ಎರಡು ನದಿಗಳ ಸ್ವಭಾವ ಬೇರೆ ಬೇರೆಯಾಗಿ ಕಾಣುತ್ತದೆ. ಎರಡೂ ತಂದ ಹೂಳು ಕೂಡುವಲ್ಲಿ ತಳ ಮೇಲೆದ್ದಿರುತ್ತದೆ. ಪ್ರತಿ ಮಳೆಗಾಲವೂ ಅದನ್ನು ಹೊಸದಾಗಿ ಹರಡುವುದರಿಂದ ಹೋದ ವರ್ಷದ ದಾರಿ ಈ ವರ್ಷಕ್ಕಿಲ್ಲ. ಸಾವಿರ ವರ್ಷದ ಅಕ್ಷರ ದಂಡೆಯ ಮೇಲೆ, ವರ್ಷಕ್ಕೊಮ್ಮೆ ಅಳಿಸಿ ಬರೆಯುವ ಅಕ್ಷರ ನೀರಿನ ಕೆಳಗೆ.

ನಿಜವಾದ ಹಾಯಿಯ ಹಗ್ಗ ನನ್ನ ಕೈಗೆ ಬಂದದ್ದು ಸಮುದ್ರದ ಅಂಚಿನಲ್ಲಿ. ಕುಮಟೆಯ ಕಡೆ ಗೆಳೆಯನೊಬ್ಬನಿದ್ದಾನೆ. ಅವನಲ್ಲಿ ಮೂರು ಜನ ಕೂರುವ ಫೈಬರಿನ ಹಾಯಿದೋಣಿ ಇದೆ. ರಜೆ ಬಂದರೆ ನನ್ನ ಕಾಲು ಅತ್ತ ಎಳೆಯುತ್ತದೆ. ಅಘನಾಶಿನಿ ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಮಿರ್ಜಾನಿನ ಕೋಟೆಯನ್ನು ಬಳಸಿ ತದಡಿಯ ಬಳಿ ಕಡಲು ಸೇರುವ ಹೊಳೆ. ಅದರ ಅಳಿವೆಗೆ ಅಗಲ ಬಹಳ, ಆಳ ಕಡಿಮೆ. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಆಜುಬಾಜಿನಲ್ಲಿ ನೀರಿನ ಮಟ್ಟ ಸುಮಾರು ಎರಡು ಮೀಟರ್ ಏರಿಳಿಯುತ್ತದೆ. ಪ್ರತಿ ದಿನ ಉಬ್ಬರದ ಹೊತ್ತು ಹಿಂದಿನ ದಿನಕ್ಕಿಂತ ಐವತ್ತು ನಿಮಿಷದಷ್ಟು ತಡ. ಬೆಳಿಗ್ಗೆ ದೋಣಿ ತೇಲಿದ ಜಾಗದಲ್ಲಿ ಮಧ್ಯಾಹ್ನ ಹೆಂಗಸರು, ಗಂಡಸರು ನಿಂತು ಬಳಚಿನ ಚಿಪ್ಪು ಆಯುತ್ತಿರುತ್ತಾರೆ. ಬದುವಿನಾಚೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ. ಅದೇ ಗದ್ದೆಯಲ್ಲಿ ಒಂದು ಕಾಲಕ್ಕೆ ಅಕ್ಕಿ, ಇನ್ನೊಂದು ಕಾಲಕ್ಕೆ ಮೀನು, ಸಿಗಡಿ. ನೀರು ತೆಳುವಾಗಿದ್ದುದಕ್ಕೇ ಅಲ್ಲಿ ಇಷ್ಟೆಲ್ಲ ಇದೆ. ಬಿಸಿಲು ತಳದವರೆಗೆ ಇಳಿಯುತ್ತದೆ, ಪಾಚಿ ಬೆಳೆಯುತ್ತದೆ, ಪಾಚಿಗೆ ಸಿಗಡಿಮರಿ, ಸಿಗಡಿಗೆ ಮೀನು, ಮೀನಿಗೆ ಮನುಷ್ಯ.

ಗೆಳೆಯನ ದೋಣಿಯ ನಡುವೆ ಒಂದು ಸೀಳು ಇದೆ. ಅದರ ಮೂಲಕ ಒಂದು ಹಲಗೆಯನ್ನು ನೀರೊಳಕ್ಕೆ ಇಳಿಸುತ್ತಾರೆ. ಹಲಗೆ ಇಲ್ಲದಿದ್ದರೆ ಹಾಯಿಗೆ ಮಗ್ಗುಲಿನಿಂದ ಗಾಳಿ ಬಡಿದಾಗ ದೋಣಿ ಮುಂದಕ್ಕೆ ಹೋಗದೆ ಪಕ್ಕಕ್ಕೆ ಜಾರುತ್ತದೆ. ಹಲಗೆ ಇಳಿದಾಗ ನೀರು ಅದನ್ನು ಒತ್ತಿ ಹಿಡಿಯುತ್ತದೆ, ಗಾಳಿಯ ನೂಕು ಮುಂದಿನ ಓಟವಾಗುತ್ತದೆ. ಗಾಳಿ ಬರುವ ದಿಕ್ಕಿಗೇ ಓರೆ ಓರೆಯಾಗಿ ಹತ್ತಿ ಹೋಗುವ ಜಾಣ್ಮೆ ಈ ಹಲಗೆಯಿಂದ. ಮಾವನ ನಾವಿಗೆ ಇದಿರಲಿಲ್ಲ, ಅದಕ್ಕೇ ಅದು ಗಾಳಿಯ ಬೆನ್ನು ಮಾತ್ರ ಹಿಡಿಯುತ್ತಿತ್ತು. ಆದರೆ ತೆಳುನೀರಿನಲ್ಲಿ ಹಲಗೆ ತಳ ಮುಟ್ಟುತ್ತದೆ. ಮುಟ್ಟಿದೊಡನೆ ಅದು ಮೇಲಕ್ಕೆ ಮಡಚಿಕೊಂಡು ಟಕ್ ಎಂದು ತಿಳಿಸುತ್ತದೆ. "ಅರ್ಧ ಎತ್ತು, ಹೋಗ್ಲಿ," ಎನ್ನುತ್ತಾನೆ ಗೆಳೆಯ. ಅರ್ಧ ಎತ್ತಿದರೆ ದೋಣಿ ಸ್ವಲ್ಪ ಪಕ್ಕಕ್ಕೆ ಜಾರುತ್ತದೆ, ಆದರೆ ದಾಟುತ್ತದೆ. ಪೂರ್ತಿ ಇಳಿಸಿ ಹಟ ಹಿಡಿದರೆ ದಾಟುವುದಿಲ್ಲ. ಎಷ್ಟು ಇಳಿಸಬೇಕು, ಎಷ್ಟು ಎತ್ತಬೇಕು ಎಂಬುದನ್ನು ಗಳಿಗೆಗಳಿಗೆಗೂ ತೂಗುವುದರಲ್ಲೇ ಈ ಪಯಣದ ಸುಖವೆಲ್ಲ ಇದೆ.

ಯುರೋಪಿನ ಉತ್ತರ ಸಮುದ್ರದ ಅಂಚಿನಲ್ಲಿ, ನೆದರ್ಲೆಂಡ್ಸ್‌ನಿಂದ ಜರ್ಮನಿ ಹಾಯ್ದು ಡೆನ್ಮಾರ್ಕ್‌ವರೆಗೆ ಹರಡಿದ ವಾಡೆನ್ ಸಮುದ್ರ ಇಂಥ ತೆಳುನೀರಿನ ದೊಡ್ಡ ರಾಜ್ಯ. ಇಳಿತದಲ್ಲಿ ಅಲ್ಲಿ ಕಣ್ಣು ಹಾಯುವಷ್ಟು ದೂರ ಕೆಸರು ಬಯಲು. ಡಚ್ಚರು ಅದಕ್ಕೆಂದೇ ಚಪ್ಪಟೆ ತಳದ ಹಾಯಿಹಡಗು ಕಟ್ಟಿದರು. ಹಲಗೆಯನ್ನು ನಡುವೆ ಇಡದೆ ಎರಡೂ ಮಗ್ಗುಲಿಗೆ ತೂಗುಹಾಕಿದರು. ನೀರು ಇಳಿದಾಗ ಹಡಗು ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ. ಒಳಗಿನವರು ಅಡುಗೆ ಮಾಡಿಕೊಂಡು ಉಂಡು ಮುಂದಿನ ಉಬ್ಬರಕ್ಕೆ ಕಾಯುತ್ತಾರೆ. 2009ರಲ್ಲಿ ಯುನೆಸ್ಕೊ ಈ ಕೆಸರು ಬಯಲಿನ ಬಹುಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ತಾಜಮಹಲು ಇರುವ ಪಟ್ಟಿಯಲ್ಲಿ ಕೆಸರು! ಅದನ್ನು ಓದಿದಾಗ ನನಗೆ ಉಜನಿಯ ಕೆಸರು ಕಣ್ಣಮುಂದೆ ಬಂತು.

ಉಜನಿ ಅಣೆಕಟ್ಟು ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲೂಕಿನಲ್ಲಿ ಭೀಮೆಗೆ ಅಡ್ಡವಾಗಿದೆ. 1980ರಲ್ಲಿ ಮುಗಿಯಿತು. ಅದರ ಹಿನ್ನೀರಿಗೆ ಯಶವಂತ ಸಾಗರ ಎಂದು ಹೆಸರು. ಪುಣೆಯ ಕಡೆಯ ಬಹಳಷ್ಟು ಹೊಳೆಗಳು ಇಲ್ಲಿಗೇ ಬರುತ್ತವೆ. ಖಡಕವಾಸ್ಲಾದ ನೀರಿನಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳು ಹಾಯಿದೋಣಿ ಕಲಿಯುತ್ತಾರೆ. ಆ ದೋಣಿಗಳನ್ನು ತೇಲಿಸಿದ ನೀರೇ ಮುಠಾ, ಮುಳಾ-ಮುಠಾ ಆಗಿ ಭೀಮೆ ಸೇರಿ ಉಜನಿಗೆ ಇಳಿಯುತ್ತದೆ. ಅಲ್ಲಿಂದ ಬಿಟ್ಟ ನೀರು ಪಂಢರಪುರ ದಾಟಿ ಔಜ್ ಬಂಧಾರಕ್ಕೆ ಬಂದು, ಟಾಕಳಿಯ ಪಂಪುಗಳಿಂದ ಸೊಲ್ಲಾಪುರದ ನಲ್ಲಿಗೆ ಏರುತ್ತದೆ. ಮೇಲಿನವರಿಗೆ ಹಾಯಿ ತುಂಬಿಸಿಕೊಟ್ಟ ನೀರು ನಮಗೆ ಕೊಡ ತುಂಬಿಸುವ ನೀರು.

ಉಜನಿಯ ದಂಡೆಯಲ್ಲಿ ನಿಂತು ನನಗೆ ಹೊಳೆದದ್ದು ಇಷ್ಟು: ಇದೂ ಉಬ್ಬರ ಇಳಿತಗಳಿರುವ ಕಡಲೇ, ಆದರೆ ವರ್ಷಕ್ಕೆ ಒಂದೇ ಉಬ್ಬರ, ಒಂದೇ ಇಳಿತ. ಅಘನಾಶಿನಿಯಲ್ಲಿ ಆರು ಗಂಟೆಯಲ್ಲಿ ಆಗುವುದು ಇಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಅಲ್ಲಿ ಚಂದ್ರ ನೀರೆಳೆಯುತ್ತಾನೆ. ಇಲ್ಲಿ ಸಹ್ಯಾದ್ರಿಯ ಮಳೆ ತುಂಬುತ್ತದೆ, ಕಬ್ಬಿನ ಕಾಲುವೆ ಎಳೆಯುತ್ತದೆ. ಶ್ರಾವಣ ಭಾದ್ರಪದದಲ್ಲಿ ತುಂಬಿದ ನೀರು ಜ್ಯೇಷ್ಠದವರೆಗೆ ಹಿಂದೆ ಹಿಂದೆ ಸರಿಯುತ್ತದೆ. ತಳ ಚಪ್ಪಟೆಯಾದ್ದರಿಂದ ಒಂದು ಮೀಟರ್ ಇಳಿದರೂ ದಂಡೆ ಬಹಳ ದೂರ ಹೋಗುತ್ತದೆ. ಬಿಟ್ಟುಹೋದ ಹಸಿ ಹೂಳಿನಲ್ಲಿ ರೈತರು ಬಿತ್ತುತ್ತಾರೆ. ಮತ್ತೆ ನೀರು ಬರುವ ಮೊದಲು ಪೀಕು ತೆಗೆಯಬೇಕು. ಗಜನಿಯವರು ಉಬ್ಬರದ ಲೆಕ್ಕ ಇಟ್ಟಂತೆಯೇ ಇವರದೂ ಲೆಕ್ಕ.

ಈ ಇಳಿತವನ್ನು ಪತ್ರಿಕೆಗಳು ಮೈನಸ್ ಲೆಕ್ಕದಲ್ಲಿ ಹೇಳುತ್ತವೆ. ಉಜನಿಯ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದರಲ್ಲಿ ಬಳಕೆಗೆಂದು ಲೆಕ್ಕ ಹಿಡಿದದ್ದು 53.57 ಟಿಎಂಸಿ, ಉಳಿದ 63.66 ಟಿಎಂಸಿಯನ್ನು ಮೃತ ಸಂಗ್ರಹ ಎಂದು ಬರೆಯುತ್ತಾರೆ. ಅಂದರೆ ಅರ್ಧಕ್ಕಿಂತ ಹೆಚ್ಚು ನೀರು ಸೊನ್ನೆಯ ಕೆಳಗೇ ಇರುತ್ತದೆ. 2024ರ ಬೇಸಿಗೆಯ ಕೊನೆಗೆ ಮಟ್ಟ ಬಳಕೆಯ ನೀರಿನ ಲೆಕ್ಕದಲ್ಲಿ ಮೈನಸ್ ಶೇ. 60ರ ಹತ್ತಿರ ಹೋಗಿತ್ತು. ಸೊಲ್ಲಾಪುರದಲ್ಲಿ ಎಲ್ಲರ ಮುಖದಲ್ಲೂ ಆತಂಕ. ಆ ಆತಂಕ ನ್ಯಾಯವಾದದ್ದೇ, ಏಕೆಂದರೆ ಕಾಲುವೆಯ ಬಾಯಿಗೆ ನೀರು ಎಟುಕುತ್ತಿರಲಿಲ್ಲ. ಆದರೆ ಕೂಡಿಸಿ ಕಳೆದು ನೋಡಿ: ಆಗಲೂ ಉಜನಿಯಲ್ಲಿ 31 ಟಿಎಂಸಿಯಷ್ಟು ನೀರಿತ್ತು. ಪೂರ್ತಿ ತುಂಬಿದ ಕೃಷ್ಣರಾಜಸಾಗರ ಹಿಡಿಯುವ 49 ಟಿಎಂಸಿಯ ಅರ್ಧಕ್ಕಿಂತ ಹೆಚ್ಚು! ಅದೇ ವರ್ಷದ ಆಗಸ್ಟಿನಲ್ಲಿ ಜಲಾಶಯ ಮತ್ತೆ ತುಂಬಿತು. ಒಂದು ವರ್ಷದ ಇಳಿತ ಮುಗಿದು ಉಬ್ಬರ ಬಂದಿತ್ತು.

ಮೃತವೆಂದು ಲೆಕ್ಕ ಬರೆದ ಆ ನೀರಿನ ಮೇಲೆ ದೋಣಿಯಲ್ಲಿ ಹೋಗಿ ನೋಡಿದವರಿಗೆ ಅದು ಎಷ್ಟು ಜೀವಂತ ಎಂಬುದು ತಿಳಿಯುತ್ತದೆ. ಹಿನ್ನೀರಿನ ದಂಡೆಯ ಭಿಗವಣ, ಕುಂಭಾರಗಾವ್ ಕಡೆ ಚಳಿಗಾಲ ಮಾಗುತ್ತ ಬಂದಾಗ ರಾಜಹಂಸಗಳು ಸಾಲುಗಟ್ಟಿ ನಿಂತಿರುತ್ತವೆ. ಉದ್ದ ಕಾಲು, ಬಾಗಿದ ಕೊಕ್ಕು. ತಲೆಯನ್ನು ತಲೆಕೆಳಗು ಮಾಡಿ ಕೆಸರುನೀರನ್ನು ಕೊಕ್ಕಿನಲ್ಲಿ ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತವೆ. ನೀರು ತುಂಬಿ ನಿಂತಾಗ ಅವಕ್ಕೆ ಇಲ್ಲಿ ಊಟವಿಲ್ಲ. ನೀರು ಹಿಂದೆ ಸರಿದು ತೆಳುವಾದಾಗಲೇ ಅವುಗಳ ಪಂಕ್ತಿ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳೂ ಇದೇ ದಂಡೆಯ ನೆಂಟರು. ಅಲ್ಲಿನ ಮೀನುಗಾರರೇ ನೋಡುಗರನ್ನು ಕರೆದೊಯ್ಯುತ್ತಾರೆ. ಹಕ್ಕಿಗಳು ದೂರವಿರುವಾಗಲೇ ಯಂತ್ರ ನಿಲ್ಲಿಸಿ ಗಳ ಕೈಗೆತ್ತಿಕೊಳ್ಳುವವನು ಒಳ್ಳೆಯ ಅಂಬಿಗ. ಅಂಥವನೊಬ್ಬ ಮರಾಠಿಯಲ್ಲಿ ನನಗೆ ಹೇಳಿದ್ದು ಇಷ್ಟೇ: ಅವು ಎದ್ದು ಹಾರಿದರೆ ಫೋಟೊ ಚಂದ ಬರುತ್ತದೆ, ಆದರೆ ಅವುಗಳ ಹೊಟ್ಟೆ ಹಸಿದಿರುತ್ತದೆ. ಮಾವನ ಮಾತಿನ ತೂಕವೇ ಈ ಮಾತಿಗೂ ಇತ್ತು.

ನೀರು ಇನ್ನೂ ಇಳಿದರೆ ಪಳಸದೇವದ ಪಳಸನಾಥ ಗುಡಿ ಹೊರಬರುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಹತ್ತಾರು ಊರುಗಳಲ್ಲಿ ಪಳಸದೇವವೂ ಒಂದು. ಮೊದಲು ಶಿಖರ, ಆಮೇಲೆ ಗೋಡೆ, ಕೊನೆಗೆ ಅಂಗಳ. ಜನ ದೋಣಿಯಲ್ಲಿ ಹೋಗಿ ಕಾಯಿ ಒಡೆದು ಬರುತ್ತಾರೆ. ಹಳೆಯ ಬಾವಿಯ ಕಟ್ಟೆ, ಮನೆಯ ಪಾಯ, ಒಣಗಿದ ಮರದ ಬೊಡ್ಡೆ, ಎಲ್ಲವೂ ಆ ನೀರಿನ ಕೆಳಗಿವೆ. ಅಲ್ಲಿ ಗಳ ಊರುವಾಗ ಕೈ ತಾನಾಗಿ ಮೆಲ್ಲಗಾಗುತ್ತದೆ, ಏಕೆಂದರೆ ಅದು ಒಬ್ಬರ ಅಡುಗೆಮನೆಯ ನೆಲವಾಗಿರಬಹುದು. ನಮ್ಮ ಕೊಡ ತುಂಬುವುದಕ್ಕಾಗಿ ತಮ್ಮ ಅಂಗಳ ಬಿಟ್ಟುಕೊಟ್ಟವರ ಋಣ ಸೊಲ್ಲಾಪುರದ ಪ್ರತಿ ಮನೆಯ ಮೇಲಿದೆ.

ತೆಳುನೀರನ್ನು ಇಷ್ಟು ಹೊಗಳಿದವನು ಅದರ ಅಪಾಯವನ್ನೂ ಹೇಳಬೇಕು. 2024ರ ಮೇ 21ರ ಸಂಜೆ ಕರಮಾಳಾ ತಾಲೂಕಿನ ಕುಗಾವ್ ಮತ್ತು ಇಂದಾಪುರ ತಾಲೂಕಿನ ಕಳಾಶಿ ನಡುವೆ ಹೋಗುತ್ತಿದ್ದ ದೋಣಿ ಬಿರುಗಾಳಿಗೆ ಮಗುಚಿ 6 ಜನ ತೀರಿಕೊಂಡರು. ಮಕ್ಕಳೂ ಅದರಲ್ಲಿದ್ದರು. ಜಲಾಶಯದಲ್ಲಿ ನೀರು ತೀರ ಕಡಿಮೆ ಇದ್ದ ದಿನಗಳವು. ನೀರು ಕಡಿಮೆ ಇದ್ದ ಮಾತ್ರಕ್ಕೆ ಅಪಾಯ ಕಡಿಮೆ ಅಲ್ಲ. ಹಳೆಯ ನದಿಯ ಪಾತ್ರ ಆಗಲೂ ಆಳವಾಗಿಯೇ ಇರುತ್ತದೆ. ತೆಳುವಾದ ಕಡೆ ಅಲೆಯ ಸ್ವಭಾವವೂ ಬೇರೆ. ಒಂದು ಮೀಟರ್ ಆಳದ ನೀರಿನಲ್ಲಿ ಅಲೆ ಗಂಟೆಗೆ ಸುಮಾರು 11 ಕಿ.ಮೀ. ವೇಗ ಮೀರಿ ಓಡಲಾರದು. ಗಾಳಿ ಮಾತ್ರ ಅದನ್ನು ನೂಕುತ್ತಲೇ ಇರುತ್ತದೆ. ಮುಂದೆ ಓಡಲಾಗದ ಅಲೆ ಕಡಿದಾಗಿ, ಒಂದರ ಹಿಂದೊಂದು ಒತ್ತೊತ್ತಾಗಿ ಏಳುತ್ತದೆ. ಕಡಲಿನ ಉದ್ದ ಅಲೆಯ ಮೇಲೆ ಏರಿ ಇಳಿಯುವ ಸಣ್ಣ ದೋಣಿಗೆ ಈ ಗಿಡ್ಡ ಅಲೆಗಳು ಏಳಲು ಪುರಸೊತ್ತು ಕೊಡದೆ ಅಂಚಿನ ಮೇಲಿಂದ ಒಳಗೆ ಸುರಿಯುತ್ತವೆ.

ವೈಶಾಖದ ಬಿಸಿಲಿಗೆ ಕಾದ ಮಧ್ಯಾಹ್ನ ಗಾಳಿ ಸತ್ತಂತಾಗಿ, ದಿಗಂತದಲ್ಲಿ ಕಪ್ಪು ಎದ್ದರೆ ಮಾವ ನಾವಿಯನ್ನು ದಂಡೆಗೆ ಎಳೆದು ಕಲ್ಲಿಗೆ ಕಟ್ಟುತ್ತಿದ್ದರು. "ಹೊಲ ನಾಳಿಗೂ ಇರ್ತದ," ಎನ್ನುತ್ತಿದ್ದರು. ಕಾರ್ತಿಕದ ಮೂಡಗಾಳಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಬೀಸುವ ನಂಬಿಕಸ್ಥ. ವೈಶಾಖದ ಗಾಳಿ ಹಾಗಲ್ಲ. ಅಡ್ಡಮಳೆಗೆ ಮುಂಚೆ ನಾಲ್ಕು ದಿಕ್ಕಿನಿಂದ ಒಮ್ಮೆಗೇ ಬರುತ್ತದೆ. ಆದ್ದರಿಂದ ನಾನು ಹಾಯಿ ಬಿಚ್ಚುವುದು ಚಳಿಗಾಲದಲ್ಲಿ ಮಾತ್ರ. ತೇಲುವ ಜಾಕೆಟ್ ತೊಡದೆ ದೋಣಿಗೆ ಕಾಲಿಡುವುದಿಲ್ಲ, ಜೊತೆಗಿರುವ ಮಗುವಿಗೆ ಅದರ ಅಳತೆಯದೇ ಜಾಕೆಟ್. ತುಂಬಿ ತುಳುಕುವ ದೋಣಿ ಹತ್ತುವುದಿಲ್ಲ. ಯಾವ ಕಡೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ದಂಡೆಯ ಮೇಲೆ ಒಬ್ಬರಿಗಾದರೂ ಹೇಳಿರುತ್ತೇನೆ. ಇವನ್ನು ಪಾಲಿಸಿದರೆ ಸಂತೋಷ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ನಮ್ಮ ಮಕ್ಕಳಿಗೂ ಈ ಸಂತೋಷ ಸಿಗಬೇಕು. ಭೀಮಾ, ಸೀನಾ, ಬೋರಿ ಈ ಮೂರು ಹೊಳೆಗಳ ದಂಡೆಯ ಕನ್ನಡ ಶಾಲೆ, ಮರಾಠಿ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೆ ನೀರು ಎರಡೇ ರೂಪದಲ್ಲಿ ಗೊತ್ತು. ಬೇಸಿಗೆಯಲ್ಲಿ ಇಲ್ಲದ್ದು, ಮಳೆಗಾಲದಲ್ಲಿ ಮನೆಯೊಳಗೆ ನುಗ್ಗುವಂಥದ್ದು. 2020ರ ಅಕ್ಟೋಬರಿನಲ್ಲಿ ಕುರನೂರ ಅಣೆಕಟ್ಟು ತುಂಬಿ ಬೋರಿ ಉಕ್ಕಿ, ಭೀಮೆ ದಂಡೆ ಮೀರಿ ಊರಿಗೆ ಬಂದದ್ದನ್ನು ಅವರು ಕಂಡಿದ್ದಾರೆ. ಇಲ್ಲದ ನೀರು, ಅಂಜಿಸುವ ನೀರು, ಈ ಎರಡರ ನಡುವೆ ಮೂರನೆಯದೊಂದು ಇದೆ. ಆರು ತಿಂಗಳು ಶಾಂತವಾಗಿ ನಿಂತಿರುವ, ಕಲಿಸಲು ಕಾದಿರುವ ಸೊಂಟಮಟ್ಟದ ನೀರು. ಈಜು ಅಲ್ಲಿ ಕಲಿಯಬಹುದು. ಗಳ ಹಿಡಿದು ತಳ ಅಳೆದು ಕಾಗದದ ಮೇಲೆ ಊರ ಹೊಳೆಯ ನಕಾಶೆ ಬರೆಯಬಹುದು. ಮರಳಿನ ಗುಂಡಿ ಎಲ್ಲಿದೆ ಎಂದು ಗುರುತು ಹಾಕಿ ಪಂಚಾಯಿತಿಯ ಗೋಡೆಗೆ ಅಂಟಿಸಬಹುದು. ಒಂದು ಕೋಲಿಗೆ ಬಟ್ಟೆ ಕಟ್ಟಿ ಗಾಳಿ ಯಾವ ಕಡೆಯದು, ಎಷ್ಟರದು ಎಂದು ಮೈಯಿಂದಲೇ ತಿಳಿಯಬಹುದು. ಹೊಳೆಯ ಮೇಲೆ ಓಡಾಡುವವರು ಹೆಚ್ಚಾದಷ್ಟೂ ಅದರ ತಳ ಅಗೆಯುವವರಿಗೆ, ಅದಕ್ಕೆ ಹೊಲಸು ಬಿಡುವವರಿಗೆ ಕೇಳುವವರಿದ್ದಾರೆ ಎಂಬ ಎಚ್ಚರ ಇರುತ್ತದೆ. ಯಾರೂ ಹೋಗದ ನೀರು ಯಾರದೂ ಅಲ್ಲದ ನೀರಾಗುತ್ತದೆ.

ಆಳವಿಲ್ಲದ್ದು ಎಂದು ನಾವು ಬಹಳ ಸಂಗತಿಗಳನ್ನು ಪಕ್ಕಕ್ಕೆ ಸರಿಸುತ್ತೇವೆ. ನನ್ನ ಅನುಭವದಲ್ಲಿ ಆಳದ ನೀರಿನಲ್ಲಿ ದೋಣಿ ತಾನೇ ಹೋಗುತ್ತದೆ, ಮನುಷ್ಯ ಬೇರೆ ಯೋಚನೆಯಲ್ಲಿ ಮುಳುಗಿದರೂ ನಡೆಯುತ್ತದೆ. ತೆಳುನೀರಿನಲ್ಲಿ ಹಾಗಲ್ಲ. ಪ್ರತಿ ಮಾರಿಗೂ ನೀರನ್ನು ಕೇಳಬೇಕು, ಹಕ್ಕಿಯನ್ನು ನೋಡಬೇಕು, ಗಾಳಿಗೆ ಕಿವಿಗೊಡಬೇಕು, ಹಲಗೆ ಎತ್ತಿ ಇಳಿಸಬೇಕು. ಇಷ್ಟು ಹೊತ್ತು ಒಂದೇ ಸಂಗತಿಯ ಮೇಲೆ ಮನಸ್ಸಿಡುವ ಅಭ್ಯಾಸವನ್ನು ನನಗೆ ಬೇರಾವ ಗುರುವೂ ಕಲಿಸಿಲ್ಲ. ಕಡಿಮೆ ಮಳೆಯ, ಕಡಿಮೆ ನೀರಿನ ಸೀಮೆಯಲ್ಲಿ ಹುಟ್ಟಿದ್ದಕ್ಕೆ ನಾನು ಕೊರಗುವುದಿಲ್ಲ. ಇದ್ದಷ್ಟನ್ನು ಚೆನ್ನಾಗಿ ಅರಿಯುವ ಕಾಯಕವನ್ನು ಆ ಸೀಮೆಯೇ ನನಗೆ ಕೊಟ್ಟಿತು.

ಆದ್ದರಿಂದ ಸೊಲ್ಲಾಪುರಕ್ಕೆ ಜಾತ್ರೆಗೆಂದೋ, ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆಂದೋ ಬರುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇನೆ. ದಸರೆ ಕಳೆದ ಮೇಲೆ ಬನ್ನಿ. ಭೀಮೆಯ ದಂಡೆಯ ಯಾವ ಊರಿಗೆ ಹೋದರೂ ನಿಮ್ಮ ಮಾತಿನಲ್ಲೇ ಉತ್ತರ ಕೊಡುವವರು ಸಿಗುತ್ತಾರೆ. ಜಾಕೆಟ್ ಕೇಳಿ ತೊಡಿ, ದೋಣಿಯಲ್ಲಿ ಮುಂದೆ ಕೂರಿ, ಗಳವನ್ನು ಒಂದು ಗಳಿಗೆ ನಿಮ್ಮ ಕೈಗೆ ಕೊಡುವಂತೆ ಅಂಬಿಗನನ್ನು ಕೇಳಿ. ಅದಾದ ಮೇಲೆ ಪತ್ರಿಕೆಯಲ್ಲಿ ಉಜನಿ ಮೈನಸ್ ಆಯಿತು ಎಂದು ಓದಿದಾಗ ಬರಿ ಸಂಖ್ಯೆ ಕಾಣುವುದಿಲ್ಲ. ಆ ನೀರಿನಲ್ಲಿ ಯಾರು ನಿಂತಿದ್ದಾರೆ, ಯಾರು ಬಿತ್ತುತ್ತಿದ್ದಾರೆ, ಯಾರ ಅಂಗಳ ಮೇಲೆ ಬಂದಿದೆ ಎಂದು ನೀವೇ ಇನ್ನೊಬ್ಬರಿಗೆ ಹೇಳಬಲ್ಲಿರಿ.